ಸೆಳೆತವೂ ಸೆಳೆತದ ಅಂತರವೂ

ಚಂದ್ರನು ಕಡಲನ್ನು ಸೆಳೆಯುವುದರಿಂದ ಉಬ್ಬರವುಂಟಾಗುವುದೆಂದು ನಾವು ತರಗತಿಯಲ್ಲಿ ಹೇಳಿಬಿಡುತ್ತೇವೆ. ಹಾಗಾದರೆ ದಿನಕ್ಕೆ ಎರಡು ಉಬ್ಬರಗಳೇಕೆಂದು ಕಾಸರಗೋಡಿನ ಕಡಲ ತಡಿಯ ಹುಡುಗನು ಕೇಳಿದರೆ ಆ ಉತ್ತರವು ಸಾಲದು.

ಸೂರ್ಯನು ಭೂಮಿಯನ್ನು ಚಂದ್ರನಿಗಿಂತ ಸುಮಾರು 180 ಮಡಿ ಬಲವಾಗಿ ಸೆಳೆಯುತ್ತಾನೆ. ಆದರೂ ಅವನೆಬ್ಬಿಸುವ ಉಬ್ಬರವು ಚಂದ್ರನದರ ಅರ್ಧಕ್ಕಿಂತ ಕಡಿಮೆ. ಏಕೆಂದರೆ ಉಬ್ಬರಕ್ಕೆ ಕಾರಣವಾದುದು ಸೆಳೆತದ ಮೊತ್ತವಲ್ಲ, ಭೂಮಿಯ ಎರಡು ಮಗ್ಗುಲುಗಳ ಮೇಲಿನ ಸೆಳೆತದ ಅಂತರ. ಸೂರ್ಯನು ಬಹು ದೂರದಲ್ಲಿರುವುದರಿಂದ ಅವನ ಸೆಳೆತದಲ್ಲಿ ಈ ಅಂತರವು ಅಲ್ಪ. ಚಂದ್ರನಾದರೋ ಹತ್ತಿರದ ಮಗ್ಗುಲಿನ ನೀರನ್ನು ಭೂಮಿಯ ನಡುವಿಗಿಂತ ಹೆಚ್ಚಾಗಿಯೂ ಆಚೆಯ ಮಗ್ಗುಲಿನ ನೀರನ್ನು ಕಡಿಮೆಯಾಗಿಯೂ ಸೆಳೆಯುತ್ತಾನೆ. ಒಂದು ಕಡೆಯ ನೀರು ಮುಂದಾಗಿ, ಇನ್ನೊಂದು ಕಡೆಯದು ಹಿಂದುಳಿದು, ಎರಡೂ ಕಡೆ ಉಬ್ಬುತ್ತದೆ.

ಈ ಅಂತರಕ್ಕೆ ಕಲ್ಲೂ ಮಣಿಯುತ್ತದೆ. ಚಂದ್ರನ ಒಂದೇ ಮುಖವು ನಮ್ಮತ್ತ ನಿಂತಿರುವುದು ಇದರಿಂದಲೇ. ಗುರುಗ್ರಹದ ಉಪಗ್ರಹವಾದ ಅಯೋ ಇದರ ಹಿಸುಕಾಟದಿಂದ ಕಾಯುತ್ತದೆ. ಅಲ್ಲಿ ಉರಿಯುವ ಜ್ವಾಲಾಮುಖಿಗಳನ್ನು 1979ರಲ್ಲಿ ವಾಯೇಜರ್ ನೌಕೆಯು ಕಂಡಿತು. 1992ರಲ್ಲಿ ಗುರುವಿನ ತೀರ ಸಮೀಪ ಹಾದ ಶೂಮೇಕರ್-ಲೆವಿ 9 ಧೂಮಕೇತುವು ಚೂರುಚೂರಾಯಿತು. 1994ರ ಜುಲೈಯಲ್ಲಿ ಆ ಚೂರುಗಳು ಗುರುವನ್ನೇ ಅಪ್ಪಳಿಸಿದವು. ನಮ್ಮ ಭೂಮಿಯ ತಿರುಗುವಿಕೆಯೂ ಉಬ್ಬರಗಳ ತಡೆಯಿಂದ ಮೆಲ್ಲಮೆಲ್ಲನೆ ನಿಧಾನಿಸುತ್ತಿದೆ. ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರು ದೂರ ಸರಿಯುತ್ತಿದ್ದಾನೆ.

ಪಾಠದಲ್ಲಿ 'ಸೆಳೆತ'ದೊಡನೆ 'ಅಂತರ'ವೆಂಬ ಒಂದು ಮಾತನ್ನು ನಾವು ಸೇರಿಸಿದರೆ ಆ ಹುಡುಗನ ಪ್ರಶ್ನೆಗೆ ನ್ಯಾಯ ಸಲ್ಲಿಸಿದಂತಾಗುವುದು.