ಆಟದ ಚೀಲದೊಳಗಿನ ಉಪ್ಪು

ಖಟಕ ಚಿಂಚೋಳಿಯಲ್ಲಿ ಹುಡುಗರ ಒಂದು ಕ್ರಿಕೆಟ್ ತಂಡವಿದೆಯೆಂದು ಭಾವಿಸೋಣ. (ಇದು ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಊರು, ಕಲಬುರಗಿ ಜಿಲ್ಲೆಯ ಚಿಂಚೋಳಿ ಬೇರೆ.) ಆಡುವವರು ಹನ್ನೊಂದು ಜನ; ಆದರೆ ಚರ್ಮದ ಚೆಂಡಿನ ಆಟಕ್ಕೆ ಬೇಕಾದ ಸಾಮಗ್ರಿಯ ಚೀಲ ಒಂದೇ. ಎರಡು ಜೊತೆ ಪ್ಯಾಡುಗಳು, ಎರಡು ಜೊತೆ ಕೈಗವಸುಗಳು, ಎರಡು ಹೆಲ್ಮೆಟ್ಟುಗಳು, ಮೂರು ಬ್ಯಾಟುಗಳು—ಎಲ್ಲವೂ ವಂತಿಗೆ ಕೂಡಿಸಿ ಕೊಂಡವು. ಮೇ ತಿಂಗಳಲ್ಲಿ ಆಟ ಮುಗಿದ ಮೇಲೆ ಎಲ್ಲವನ್ನೂ ಚೆನ್ನಾಗಿ ಒಣಗಿಸಿ, ಚೀಲಕ್ಕೆ ತುಂಬಿ, ಗೂಟಕ್ಕೆ ತೂಗುಹಾಕಿದರು. ಮಳೆಗಾಲ ಕಳೆದು ದಸರೆಯ ರಜೆಯಲ್ಲಿ ಚೀಲವನ್ನು ಬಿಚ್ಚಿ ನೋಡುತ್ತಾರೆ: ಕೈಗವಸುಗಳು ಒದ್ದೆ! ಒಳಗೆಲ್ಲ ಬೂಷ್ಟು, ಹೆಲ್ಮೆಟ್ಟಿನ ಜಾಲರಿಗೆ ತುಕ್ಕು, ಮೂಗು ಮುಚ್ಚಿಕೊಳ್ಳುವಂಥ ದುರ್ಗಂಧ. ಮಾಳಿಗೆ ಸೋರಿಲ್ಲ, ಚೀಲದ ಮೇಲೆ ಒಂದು ಹನಿ ನೀರೂ ಬಿದ್ದಿಲ್ಲ. ಹಾಗಾದರೆ ಈ ನೀರು ಬಂದುದಾದರೂ ಎಲ್ಲಿಂದ?

ಇದಕ್ಕೆ ಉತ್ತರ ಅಡಿಗೆಯ ಮನೆಯಲ್ಲಿದೆ. ಬೇಸಗೆಯಲ್ಲಿ ಹರಳು ಹರಳಾಗಿದ್ದ ಉಪ್ಪು ಆಷಾಢ ಬಂದೊಡನೆ ಭರಣಿಯಲ್ಲಿಯೇ ನೀರೊಡೆಯುವುದನ್ನು ಯಾರು ನೋಡಿಲ್ಲ? ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ಗಾಳಿಯು ಇಂತಿಷ್ಟೇ ನೀರಾವಿಯನ್ನು ಹಿಡಿದಿಡಬಲ್ಲದು. ಈ ಪರಮಾವಧಿಯ ನೂರರಲ್ಲಿ ಸುಮಾರು ೭೫ ಭಾಗಕ್ಕಿಂತ ಹೆಚ್ಚು ಆವಿ ಗಾಳಿಯಲ್ಲಿ ಸೇರಿತೆಂದರೆ, ಸೋಡಿಯಂ ಕ್ಲೋರೈಡು ಆ ಆವಿಯನ್ನು ಹೀರಿಕೊಂಡು ತಾನೇ ಅದರಲ್ಲಿ ಕರಗತೊಡಗುವುದು. ಮಳೆಗಾಲದ ಬೆಳಗಿನ ಹೊತ್ತಿನಲ್ಲಿ ಬೀದರದ ಗಾಳಿ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಕೈಗವಸಿನೊಳಕ್ಕೆ ಉಪ್ಪು ಹೇಗೆ ಸೇರಿತೆಂಬುದನ್ನು ಹೇಳಬೇಕಾಗಿಲ್ಲವಷ್ಟೆ. ನಮ್ಮ ಚರ್ಮದಲ್ಲಿ ೨೦ರಿಂದ ೪೦ ಲಕ್ಷದಷ್ಟು ಬೆವರಿನ ಗ್ರಂಥಿಗಳಿವೆ. ಬಿಸಿಲಿನಲ್ಲಿ ಶ್ರಮಪಟ್ಟು ಆಡುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೊರಡಬಹುದು. ಅದರಲ್ಲಿ ನೂರಕ್ಕೆ ೯೯ ಪಾಲು ನೀರು. ಉಳಿದುದು ಮುಖ್ಯವಾಗಿ ಉಪ್ಪು, ಅದರೊಡನೆ ಅಷ್ಟಿಷ್ಟು ಯೂರಿಯ ಮತ್ತು ಲ್ಯಾಕ್ಟಿಕ್ ಆಮ್ಲ. ಒಂದು ಲೀಟರಿನಲ್ಲಿ ಉಪ್ಪಿನ ತೂಕ ಒಂದೆರಡು ಗ್ರಾಮಿನಿಂದ ನಾಲ್ಕು ಗ್ರಾಮಿನವರೆಗೆ ಇದ್ದೀತು. ನೀರು ಆವಿಯಾಗಿ ಹಾರಿಹೋಗುವುದು, ಉಪ್ಪು ಹಾರಲಾರದು. ಪ್ರತಿಯೊಂದು ಆಟದಲ್ಲಿಯೂ ಅದು ಕೈಗವಸಿನ ಅಸ್ತರಿಯಲ್ಲಿ ಪದರ ಪದರವಾಗಿ ಕೂಡುತ್ತ ಬರುತ್ತದೆ. ನಮ್ಮ ಹುಡುಗರು ಒಣಗಿಸಿದ್ದು ನೀರನ್ನು ಮಾತ್ರ. ನೀರನ್ನು ಮರಳಿ ಕರೆಯುವ ವಸ್ತುವನ್ನು ಒಳಗೇ ಬಿಟ್ಟು ಚೀಲದ ಬಾಯಿ ಕಟ್ಟಿದರು.

ಇನ್ನು ದುರ್ಗಂಧದ ವಿಚಾರ. ಬೆವರು ನಾರುತ್ತದೆಂದು ಲೋಕದ ಮಾತು. ವಾಸ್ತವವಾಗಿ ಅಂಗೈ ಹಣೆಗಳಲ್ಲಿ ಆಗತಾನೆ ಹೊರಟ ಬೆವರಿಗೆ ವಾಸನೆ ಇಲ್ಲವೆಂದೇ ಹೇಳಬಹುದು. ಚರ್ಮದ ಮೇಲೆ ಸದಾ ವಾಸವಾಗಿರುವ ಬ್ಯಾಕ್ಟೀರಿಯಗಳು ಬೆವರಿನಲ್ಲಿಯೂ ಉದುರಿದ ಚರ್ಮದ ಹೊಟ್ಟಿನಲ್ಲಿಯೂ ಇರುವ ಪದಾರ್ಥಗಳನ್ನು ತಿಂದು, ವಾಸನೆಯುಳ್ಳ ಬೇರೆ ಪದಾರ್ಥಗಳನ್ನು ಹೊರಹಾಕುತ್ತವೆ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬುದು ಲ್ಯೂಸೀನ್ ಎಂಬ ಅಮೈನೊ ಆಮ್ಲವನ್ನು ಐಸೋವ್ಯಾಲೆರಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ಬೆವರಿದ ಕಾಲುಚೀಲದ ವಾಸನೆ ಬಹುಮಟ್ಟಿಗೆ ಇದರದೇ. ಕಾಲ್ಬೆರಳ ಸಂದಿನಲ್ಲಿರುವ ಬ್ರೆವಿಬ್ಯಾಕ್ಟೀರಿಯಮ್ಮಿನ ಬಂಧುವೊಂದನ್ನು ಯೂರೋಪಿನವರು ಲಿಂಬರ್ಗರ್ ಎಂಬ ಚೀಸನ್ನು ಪಕ್ವ ಮಾಡಲು ಬಳಸುತ್ತಾರೆ. ಎರಡರ ವಾಸನೆಯೂ ಒಂದೇ ಬಗೆಯದಾಗಿರುವುದು ಆಶ್ಚರ್ಯವಲ್ಲ! ಇಂತಹ ಕೈಗವಸಿನ ಮೇಲೆ ಅತ್ತರು ಸಿಂಪಡಿಸುವುದು ವ್ಯರ್ಥ. ವಾಸನೆ ಮರೆಯಾಗಬಹುದು, ಅದನ್ನು ತಯಾರಿಸುವವು ಅಲ್ಲಿಯೇ ಇರುತ್ತವೆ.

ಇದು ಉಷ್ಣಪ್ರದೇಶದವರ ಪಾಡು ಮಾತ್ರವೆಂದು ವಾಚಕರು ತಿಳಿಯಬಾರದು. ಲಡಾಖಿನಲ್ಲಿ ಚಳಿಗಾಲ ಬಂದಾಗ ಹೆಪ್ಪುಗಟ್ಟಿದ ಕೊಳಗಳ ಮೇಲೆ ಹಾಕಿ ಆಡುತ್ತಾರೆ. ಹೊರಗೆ ಕೊರೆಯುವ ಚಳಿ. ಆದರೆ ಭುಜ, ಎದೆ, ಮೊಣಕೈ, ಮೊಣಕಾಲುಗಳಿಗೆಲ್ಲ ಕಟ್ಟಿಕೊಂಡ ದಪ್ಪ ಕವಚಗಳೊಳಗೆ ಆಟಗಾರನು ತೊಯ್ದುಹೋಗಿರುತ್ತಾನೆ. ಆಟ ಮುಗಿದೊಡನೆ ಕವಚಗಳನ್ನು ಬಿಡಿಬಿಡಿಯಾಗಿ ಹರವುವುದು, ಸ್ಕೇಟಿನ ಉಕ್ಕಿನ ಅಲಗನ್ನು ಒರಸಿ ಒಣಗಿಸುವುದು—ಇವು ಆ ಆಟ ಕಲಿಯುವವರ ಮೊದಲ ಪಾಠಗಳಲ್ಲಿ ಸೇರಿವೆ. ಒದ್ದೆಯಾದ ಅಲಗನ್ನು ಹಾಗೆಯೇ ಮುಚ್ಚಿಟ್ಟರೆ ಅದಕ್ಕೂ ನಮ್ಮ ಹೆಲ್ಮೆಟ್ಟಿನ ಜಾಲರಿಯ ಗತಿಯೇ.

ನಾತ ಬರಿಯ ಅಸಹ್ಯದ ವಿಷಯವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಹನ್ನೊಂದು ತಲೆಗಳಿಗೆ ಎರಡೇ ಹೆಲ್ಮೆಟ್ಟುಗಳಿರುವಲ್ಲಿ ಒಬ್ಬನ ಚರ್ಮದ ರೋಗ ಮತ್ತೊಬ್ಬನಿಗೆ ದಾಟುವುದು ಸುಲಭ. ಗಜಕರ್ಣವನ್ನು—ಹುಳುಕಡ್ಡಿಯೆಂದೂ ಇದಕ್ಕೆ ಹೆಸರುಂಟು—ತರುವುದು ಹುಳುವಲ್ಲ, ಟ್ರೈಕೊಫೈಟನ್ ಮೊದಲಾದ ಶಿಲೀಂಧ್ರಗಳು. ಉದುರಿದ ಚರ್ಮದ ಹೊಟ್ಟಿನಲ್ಲಿ ಇವುಗಳ ಬೀಜಕಣಗಳು ತಿಂಗಳುಗಟ್ಟಲೆ ಜೀವದಿಂದಿರಬಲ್ಲವು. ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಸಾಮಾನ್ಯ ಔಷಧಗಳಿಗೆ ಬಗ್ಗದ ಗಜಕರ್ಣ ಹಬ್ಬಿದೆ. ಅದಕ್ಕೆ ಕಾರಣವಾದ ಪ್ರಭೇದಕ್ಕೆ ೨೦೨೦ರಲ್ಲಿ ಟ್ರೈಕೊಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಭಾರತದ ಹೆಸರು ಅದರಲ್ಲಿ ಸೇರಿರುವುದು ಹೆಮ್ಮೆಪಡುವ ಸಂಗತಿಯಲ್ಲ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸಿ ರೋಗವನ್ನು ಬೆಳೆಯಗೊಡುತ್ತದೆ. ಗಜಕರ್ಣ ಕಂಡವನು ವೈದ್ಯರ ಬಳಿಗೆ ಹೋಗತಕ್ಕದ್ದು. ಗುಣವಾಗುವವರೆಗೆ ತಂಡದ ಹೆಲ್ಮೆಟ್ಟನ್ನು ಮುಟ್ಟದಿರುವುದು ಲೇಸು. ಇನ್ನೊಂದು ಉದಾಹರಣೆ ಅಮೆರಿಕದ್ದು. ೨೦೦೩ರಲ್ಲಿ ಸೇಂಟ್ ಲೂಯಿ ರ್‍ಯಾಮ್ಸ್ ಎಂಬ ಫುಟ್‌ಬಾಲ್ ತಂಡದ ೫೮ ಆಟಗಾರರಲ್ಲಿ ಐವರಿಗೆ, ಔಷಧಗಳಿಗೆ ಜಗ್ಗದ ಸ್ಟ್ಯಾಫಿಲೊಕಾಕಸ್ಸಿನಿಂದ ಕೀವುಗಟ್ಟುವ ಹುಣ್ಣುಗಳಾದುವು. ನೆಲಕ್ಕೆ ಉಜ್ಜಿ ತರಚಿದ ಗಾಯಗಳೇ ಅದರ ಹೆಬ್ಬಾಗಿಲು. ಆ ತಂಡದವರು ಒಂದೇ ಟವಲನ್ನು ಹಲವರು ಬಳಸುತ್ತಿದ್ದುದೂ ತನಿಖೆಯಲ್ಲಿ ಕಂಡುಬಂತು. ಅಷ್ಟು ಸಿರಿವಂತ ತಂಡದ ಕಥೆಯೇ ಹೀಗಾದರೆ, ಹಳ್ಳಿಯ ಹುಡುಗರು ತರಚುಗಾಯವನ್ನು ತೊಳೆದು ಬಟ್ಟೆ ಕಟ್ಟಿಕೊಳ್ಳದೆ ಪ್ಯಾಡು ತೊಡಬಾರದೆಂಬುದನ್ನು ಬೇರೆ ಹೇಳಬೇಕೆ?

ಹಾಗಾದರೆ ಮಾಡಬೇಕಾದುದೇನು? ಮೊದಲು ಉಪ್ಪನ್ನು ಹೊರಗೆ ತರಬೇಕು. ಕೈಗವಸಿನ ಅಂಗೈ ಚರ್ಮದ್ದು. ಅದನ್ನು ಬಕೆಟ್ಟಿನಲ್ಲಿ ನೆನೆಹಾಕಿದರೆ ಚರ್ಮದೊಳಗಿನ ಕೊಬ್ಬು ಹೊರಟುಹೋಗಿ, ಒಣಗಿದಾಗ ಅದು ಹಪ್ಪಳದಂತೆ ಬಿರುಸಾಗುವುದು. ಹದಮಾಡಿದ ಚರ್ಮ ಸ್ವಲ್ಪ ಆಮ್ಲೀಯವಾದುದು. ಬಟ್ಟೆ ಒಗೆಯುವ ಸೋಡ ಅದಕ್ಕೆ ಶತ್ರು. ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅದ್ದಿ, ಬಿಗಿಯಾಗಿ ಹಿಂಡಿ, ಅದರಿಂದ ಒಳ ಅಸ್ತರಿಯನ್ನು ನಾಲ್ಕಾರು ಬಾರಿ ಒತ್ತಿ ಒರಸಬೇಕು. ಪ್ರತಿಸಲವೂ ಬಟ್ಟೆಯನ್ನು ಜಾಲಿಸಬೇಕು. ಉಪ್ಪು ನೀರಿನಲ್ಲಿ ಬೇಗ ಕರಗುವುದರಿಂದ ಇಷ್ಟೇ ಸಾಕು. ಪ್ಯಾಡಿನ ಒಳಮೈಗೂ ಜಾಲರಿಗೂ ಇದೇ ಉಪಚಾರ. ಹೆಲ್ಮೆಟ್ಟಿನೊಳಗಿನ ಮೆತ್ತೆ ಬಿಡಿಸಲು ಬರುವಂಥದಾದರೆ, ಸ್ನಾನದ ಸಾಬೂನಿನಿಂದ ತೊಳೆದು ಚೆನ್ನಾಗಿ ಜಾಲಿಸಬಹುದು. ಬಿಳುಪು ಮಾಡುವ ಬ್ಲೀಚಿನ ಗೊಡವೆ ಇಲ್ಲಿ ಬೇಡ: ಅದು ಚರ್ಮವನ್ನೂ ನೈಲಾನನ್ನೂ ಕೊರೆಯುವುದಲ್ಲದೆ, ವಿನಿಗರ್‌ನಂಥ ಆಮ್ಲದೊಡನೆ ಸೇರಿದರೆ ವಿಷವಾದ ಕ್ಲೋರಿನ್ ಅನಿಲವನ್ನು ಬಿಡುತ್ತದೆ.

ಇದಕ್ಕಿಂತಲೂ ಸುಲಭವಾದ ಉಪಾಯ, ಉಪ್ಪು ಒಳಗೆ ಹೋಗದಂತೆಯೇ ತಡೆಯುವುದು. ಪ್ರತಿಯೊಬ್ಬ ಆಟಗಾರನೂ ತನ್ನದೇ ಆದ ಹತ್ತಿಯ ಒಳಗವಸು ತೊಡಲಿ. ತಲೆಗೆ ಒಂದು ಕರವಸ್ತ್ರವನ್ನು ಕಟ್ಟಿ ಅದರ ಮೇಲೆ ಹೆಲ್ಮೆಟ್ಟನ್ನು ಧರಿಸಲಿ. ಬೆವರು ಬಹುಪಾಲು ಹತ್ತಿಗೇ ಸೇರುತ್ತದೆ. ಹತ್ತಿಯನ್ನು ದಿನವೂ ಒಗೆಯಬಹುದು. ವಂತಿಗೆಯಿಂದ ಕೊಂಡ ಸಾಮಗ್ರಿಗೆ ಈ ಎರಡು ತುಂಡು ಬಟ್ಟೆ ಮಾಡುವ ಉಪಕಾರವನ್ನು ಯಾವ ದುಬಾರಿ ಸಿಂಪಡಿಕೆಯೂ ಮಾಡಲಾರದೆಂದು ನನ್ನ ಅಭಿಪ್ರಾಯ.

ಒಣಗಿಸುವುದೆಂದರೆ ಉರಿಬಿಸಿಲಿಗೆ ಎಸೆಯುವುದಲ್ಲ. ಬಿಸಿಲಿನ ಅತಿನೇರಿಳೆ ಕಿರಣಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ನಿಜ, ಆದರೆ ಕಿರಣ ಬಿದ್ದ ಮೇಲ್ಮೈಯಲ್ಲಿ ಮಾತ್ರ. ಕೈಗವಸಿನ ಬೆರಳ ತುದಿಗೆ ಅವು ತಲಪಲಾರವು. ಅದೇ ಕಿರಣಗಳು ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತವೆ, ಚರ್ಮವನ್ನು ಬಿರಿಯಿಸುತ್ತವೆ. ನೀರು ಆವಿಯಾಗಲು ಬೇಕಾದುದು ಶುಷ್ಕವಾದ, ಚಲಿಸುವ ಗಾಳಿ. ಬೇಸಗೆಯಲ್ಲಿ ಬೀದರದ ಬಯಲುಸೀಮೆಗೆ ಅದರ ಕೊರತೆಯಿಲ್ಲ. ಬೇವಿನ ಮರದ ನೆರಳಿನಲ್ಲಿ, ಬೆರಳುಗಳು ಮೇಲಾಗಿ ಬಾಯಿ ಕೆಳಗಾಗುವಂತೆ ಕೈಗವಸುಗಳನ್ನು ಕೋಲಿಗೆ ಸಿಕ್ಕಿಸಿದರೆ ತೀರಿತು. ಮಳೆಗಾಲದಲ್ಲಿ ಫ್ಯಾನಿನ ಗಾಳಿ ಬೇಕು. ಚೀಲದ ಬಾಯಿ ತೆರೆದಿರಬೇಕು.

ಹೆಲ್ಮೆಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಅದರ ಮೇಲಂಟಿಸಿದ ಚೀಟಿಯನ್ನೋ ಬಣ್ಣದ ಕಲೆಯನ್ನೋ ತೆಗೆಯಲು ಪೆಟ್ರೋಲನ್ನೋ ಥಿನ್ನರನ್ನೋ ಬಳಸುವವರುಂಟು. ಅನೇಕ ಹೆಲ್ಮೆಟ್ಟುಗಳ ಚಿಪ್ಪಿನೊಳಗೆ ಪಾಲಿಸ್ಟೈರೀನ್ ನೊರೆ, ಎಂದರೆ ನಾವು ಥರ್ಮೋಕೋಲ್ ಎನ್ನುವ ಜಾತಿಯ ಪದಾರ್ಥ ಇರುತ್ತದೆ. ಚೆಂಡು ಬಡಿದಾಗ ತಾನು ಕುಗ್ಗಿ ಪೆಟ್ಟಿನ ಶಕ್ತಿಯನ್ನು ನುಂಗುವುದು ಅದೇ. ಅದಕ್ಕೆ ದ್ರಾವಕ ತಗುಲಿದರೆ ಏನಾಗುವುದೆಂಬುದನ್ನು ಮನೆಯಲ್ಲಿಯೇ ನೋಡಬಹುದು: ಥರ್ಮೋಕೋಲಿನ ತುಂಡಿನ ಮೇಲೆ ಕಿತ್ತಳೆಯ ಸಿಪ್ಪೆಯನ್ನು ಹಿಂಡಿರಿ. ಸಿಪ್ಪೆಯಲ್ಲಿರುವ ಲಿಮೊನೀನ್ ಎಂಬ ಎಣ್ಣೆ ಬಿದ್ದಲ್ಲೆಲ್ಲ ಸಣ್ಣ ಗುಳಿಗಳೇಳುವುವು. ಪೆಟ್ರೋಲ್ ಇದನ್ನೇ ಬಲವಾಗಿ ಮಾಡುತ್ತದೆ, ಅದೂ ಕಣ್ಣಿಗೆ ಕಾಣದಂತೆ ಚಿಪ್ಪಿನ ಮರೆಯಲ್ಲಿ. ಹೊರಗೆ ಥಳಥಳಿಸುವ ಹೆಲ್ಮೆಟ್ಟು ಒಳಗೆ ಟೊಳ್ಳಾಗಿರಬಹುದು. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟಿನ ಸಂಗತಿಯೂ ಹೀಗೆಯೇ: ಒಮ್ಮೆ ಕುಗ್ಗಿದ ನೊರೆ ಮತ್ತೆ ಉಬ್ಬುವುದಿಲ್ಲ. ಅದನ್ನು ಎಸೆಯಲು ಹಣದ ಮುಖ ನೋಡಬಾರದು.

ಕೊನೆಗೆ ಬ್ಯಾಟು. ಅದು ವಿಲ್ಲೋ ಮರದ್ದು. ತೀರ ಒಣಗಿದರೆ ಸೀಳುವುದು, ನೀರು ಕುಡಿದರೆ ಬುಡ ಉಬ್ಬುವುದು. ಅದಕ್ಕೆ ತೆಳ್ಳಗೆ ಹಚ್ಚುವ ಅಗಸೆ ಎಣ್ಣೆ ನಮ್ಮ ಉತ್ತರ ಕರ್ನಾಟಕದವರಿಗೆ ಹೊಸದಲ್ಲ. ಅಗಸೆಯ ಚಟ್ನಿಪುಡಿ ಇಲ್ಲಿ ರೊಟ್ಟಿಯ ಸಂಗಾತಿ. ಶೇಂಗಾ ಎಣ್ಣೆ ಹಚ್ಚಿದರೆ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆಯ ಮೇದಾಮ್ಲಗಳಲ್ಲಿ ಸುಮಾರು ಅರ್ಧ ಭಾಗ ಲಿನೊಲೆನಿಕ್ ಆಮ್ಲ. ಇದು ಗಾಳಿಯ ಆಮ್ಲಜನಕದೊಡನೆ ಸೇರಿ, ಅಣುವಿಗೆ ಅಣು ಹೆಣೆದುಕೊಂಡು, ಗಟ್ಟಿಯಾದ ಪೊರೆಯಾಗುವುದು. ಬ್ಯಾಟಿನ ಮುಖ, ಅಂಚು, ಬುಡಗಳಿಗೆ ಹಚ್ಚಿ ಅಡ್ಡಲಾಗಿ ಮಲಗಿಸಬೇಕು. ಹಿಡಿ ಕೂಡಿಸಿರುವ ಸಂದಿಗೆ ತಗುಲಿದರೆ ಅಂಟು ಸಡಿಲವಾದೀತು. ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಅಲ್ಲಿ ಎಣ್ಣೆಯ ಅಗತ್ಯವಿಲ್ಲ.

ಎಣ್ಣೆ ಹಚ್ಚಿದ ಚಿಂದಿಯನ್ನು ಮಾತ್ರ ಮುದ್ದೆ ಮಾಡಿ ಚೀಲಕ್ಕೆ ತುರುಕಬಾರದು. ಆಮ್ಲಜನಕ ಸೇರುವಾಗ ಶಾಖ ಹುಟ್ಟುತ್ತದೆ. ಬ್ಯಾಟಿನ ಮೇಲೆ ಅದು ಗಾಳಿಗೆ ಹರಿದುಹೋಗುವುದು. ಚಿಂದಿಯ ಮುದ್ದೆಯೊಳಗೆ ಕೂಡಿಕೊಂಡು, ಶಾಖ ಹೆಚ್ಚಿದಂತೆ ಕ್ರಿಯೆ ಇನ್ನೂ ಚುರುಕಾಗಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ೧೯೯೧ರ ಫೆಬ್ರವರಿ ೨೩ರಂದು ಫಿಲಡೆಲ್ಫಿಯ ನಗರದ ವನ್ ಮೆರಿಡಿಯನ್ ಪ್ಲಾಜ಼ ಎಂಬ ೩೮ ಅಂತಸ್ತಿನ ಕಟ್ಟಡದಲ್ಲಿ, ಮರದ ಕೆಲಸ ಮಾಡಿದವರು ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಚಿಂದಿಗಳಿಂದ ಬೆಂಕಿಯೆದ್ದು, ಅದನ್ನು ಆರಿಸಲು ಹೋದ ಮೂವರು ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. ನಮ್ಮ ಹುಡುಗರ ಚಿಂದಿ ಅಂಗೈಯಗಲದ್ದಿರಬಹುದು. ಅದನ್ನು ನೀರಿನಲ್ಲಿ ಅದ್ದಿ, ಒಂದೇ ಪದರವಾಗಿ ಬಿಚ್ಚಿ, ಮನೆಯ ಹೊರಗೆ ಬೇಲಿಯ ತಂತಿಯ ಮೇಲೆ ಹರವಿ, ಪೂರ್ತಿ ಗಟ್ಟಿಯಾದ ಬಳಿಕ ಎಸೆಯತಕ್ಕದ್ದು.