ಮನೆಯ ಜಾಲದಲ್ಲಿ ಗಾನದ ಪಯಣ

ಮನೆಯಲ್ಲಿ ಸಂಗೀತವನ್ನು ಶ್ರದ್ಧೆಯಿಂದ ಆಲಿಸುವವರ ನಡುವೆ ಈಚಿನ ವರ್ಷಗಳಲ್ಲಿ ಒಂದು ನಂಬಿಕೆ ಬಲಗೊಳ್ಳುತ್ತಿದೆ. ಅಂತರ್ಜಾಲದಿಂದಲೋ ಮನೆಯಲ್ಲಿಯೇ ಕೂಡಿಟ್ಟ ಸಂಗ್ರಹದಿಂದಲೋ ಹೊರಟ ಗಾನವು ಸ್ಟ್ರೀಮರ್ ಯಂತ್ರವನ್ನು ಮುಟ್ಟುವ ಮುನ್ನ, ಸಂಗೀತಕ್ಕೆಂದೇ ಮೀಸಲಾದ ಒಂದು ನೆಟ್‌ವರ್ಕ್ ಸ್ವಿಚ್ಚನ್ನು ಹಾದುಬಂದರೆ ನಾದವು ಇನ್ನಷ್ಟು ನಿರ್ಮಲವೂ ಗಂಭೀರವೂ ಆಗುವುದೆಂಬುದೇ ಆ ನಂಬಿಕೆ. ಸಾಧಾರಣವಾದ ಐದು ರಂಧ್ರಗಳ ಸ್ವಿಚ್ಚು ಸಾವಿರ, ಎರಡು ಸಾವಿರ ರೂಪಾಯಿಗೆ ದೊರೆಯುವಲ್ಲಿ, ಈ ವಿಶೇಷ ಸ್ವಿಚ್ಚುಗಳ ಬೆಲೆ ಹತ್ತಾರು ಸಾವಿರಕ್ಕೇರುತ್ತದೆ. ಕೆಲವು ಲಕ್ಷವನ್ನೂ ದಾಟಿವೆ. ರಸಿಕನ ಕಿವಿಯೂ ಗೌರವಾರ್ಹ, ಅವನು ದುಡಿದ ಹಣವೂ ಗೌರವಾರ್ಹ. ಆದುದರಿಂದ ಈ ನಂಬಿಕೆಯನ್ನು ನಗೆಯಾಡಿ ತಳ್ಳದೆ, ಹಾಗೆಂದು ಭಕ್ತಿಯಿಂದ ಒಪ್ಪಿಕೊಳ್ಳದೆ, ಶಾಸ್ತ್ರೀಯವಾಗಿ ವಿಚಾರಮಾಡುವುದು ಯುಕ್ತ.

ಸ್ವಿಚ್ಚು ಮಾಡುವ ಕೆಲಸವಾದರೂ ಏನು? 1973ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ರೂಪಿಸತೊಡಗಿದ ಈಥರ್‌ನೆಟ್ ವ್ಯವಸ್ಥೆಯಲ್ಲಿ ಗಣಕಗಳೆಲ್ಲವೂ ಒಂದೇ ತಂತಿಯನ್ನು ಆಶ್ರಯಿಸಿದ್ದುವು; ಎರಡು ಗಣಕಗಳು ಏಕಕಾಲಕ್ಕೆ ಸಂದೇಶ ಹೊರಡಿಸಿದರೆ ಎರಡೂ ಕೆಟ್ಟು, ಮರಳಿ ಕಳುಹಬೇಕಾಗುತ್ತಿತ್ತು. ಈ ತೊಡಕನ್ನು ನೀಗಿದ ಸಾಧನವೇ ಸ್ವಿಚ್ಚು. ಭಾರತೀಯ ಮೂಲದ ವಿನೋದ್ ಭಾರದ್ವಾಜರು ಸ್ಥಾಪಿಸಿದ ಕಲ್ಪನಾ ಎಂಬ ಕ್ಯಾಲಿಫೋರ್ನಿಯದ ಸಂಸ್ಥೆ 1990ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. 1994ರಲ್ಲಿ ಸಿಸ್ಕೋ ಆ ಸಂಸ್ಥೆಯನ್ನೇ ಕೊಂಡಿತು. ಸಂದೇಶವನ್ನು ತುಂಡುತುಂಡಾಗಿಸಿ ಕಟ್ಟಿದ ಪೊಟ್ಟಣವೇ ಪ್ಯಾಕೆಟ್ಟು. ಬಂದ ಪ್ರತಿಯೊಂದು ಪ್ಯಾಕೆಟ್ಟಿನ ಮೇಲಿರುವ 48 ಬಿಟ್‌ಗಳ ವಿಳಾಸವನ್ನು ಓದಿ, ಯಾವ ವಿಳಾಸದ ಯಂತ್ರ ಯಾವ ರಂಧ್ರದಲ್ಲಿದೆಯೆಂಬುದನ್ನು ತಾನೇ ಅರಿತು, ಪ್ಯಾಕೆಟ್ಟನ್ನು ಅಲ್ಲಿಗೆ ಮಾತ್ರ ಸಾಗಿಸುವುದು ಸ್ವಿಚ್ಚಿನ ಧರ್ಮ. ಒಳಗೇನಿದೆ, ಪತ್ರವೋ ಚಿತ್ರವೋ ಮಲ್ಲಿಕಾರ್ಜುನ ಮನ್ಸೂರರ ಗಾಯನವೋ, ಎಂಬುದರ ಗೊಡವೆ ಅದಕ್ಕಿಲ್ಲ.

ಇನ್ನು ಗಾನದ ಲೆಕ್ಕಕ್ಕೆ ಬರೋಣ. ಸಿ.ಡಿ. ಮಟ್ಟದ ಧ್ವನಿಯಲ್ಲಿ ಎಡಬಲ ವಾಹಿನಿಗಳೆರಡಕ್ಕೂ ಸೆಕೆಂಡಿಗೆ 44,100 ಬಾರಿ, ಬಾರಿಗೆ 16 ಬಿಟ್‌ಗಳಂತೆ, ಧ್ವನಿಯನ್ನು ಅಳೆದು ಬರೆದಿರುತ್ತಾರೆ. ಒಟ್ಟಿನಲ್ಲಿ ಸೆಕೆಂಡಿಗೆ 14,11,200 ಬಿಟ್‌ಗಳು. ಇವು ಸುಮಾರು 120 ಪ್ಯಾಕೆಟ್ಟುಗಳಲ್ಲಿ ಅಡಗುತ್ತವೆ. ಇಂದಿನ ಸಾಧಾರಣ ಗಿಗಾಬಿಟ್ ತಂತಿಯ ಮೇಲೆ ಒಂದು ಪ್ಯಾಕೆಟ್ಟು ಸಾಗಲು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಹನ್ನೆರಡು ಭಾಗ ಸಾಕು. ಅಂದಮೇಲೆ ಒಂದು ಸೆಕೆಂಡಿನ ಸಂಗೀತವು ತಂತಿಯನ್ನು ದಾಟಲು ಹಿಡಿಯುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದೂವರೆ ಮಾತ್ರ. ಮಿಕ್ಕ ಕಾಲವೆಲ್ಲ ಆ ತಂತಿ ಗಾನದ ಮಟ್ಟಿಗೆ ಬರಿದು.

ಈ ಲೆಕ್ಕದಿಂದ ಹೊರಡುವ ತಾತ್ಪರ್ಯ ಇಡೀ ಚರ್ಚೆಯ ಜೀವಾಳ. ವಿಳಂಬಗತಿಯ ಆಲಾಪನೆಯಾಗಲಿ ದ್ರುತಗತಿಯ ತಾನವಾಗಲಿ, ತಂತಿಯಲ್ಲಿ ಸಾಗುವಾಗ ಅದಕ್ಕೆ ಲಯವೇ ಇಲ್ಲ. ಅಲ್ಲಿ ಇರುವುದು ಅಂಕಿಗಳು, ಮತ್ತು ಅವುಗಳ ಅನುಕ್ರಮ, ಇಷ್ಟೆ. ಹಿಂದೆ ಬಾವಿಯಿಂದ ಸೇದಿದ ನೀರನ್ನು ಕೊಡಕೊಡವಾಗಿ, ಒಮ್ಮೆ ಬೇಗ ಒಮ್ಮೆ ನಿಧಾನವಾಗಿ, ತೊಟ್ಟಿಗೆ ಸುರಿಯುತ್ತಿದ್ದರೂ ತೊಟ್ಟಿಯ ಕೆಳಗಿನ ನಲ್ಲಿಯಿಂದ ಅದು ಸಮಧಾರೆಯಾಗಿ ಹರಿಯುತ್ತಿದ್ದಂತೆ, ತಡೆದು ತಡೆದು ಬಂದ ಪ್ಯಾಕೆಟ್ಟುಗಳು ಸ್ಟ್ರೀಮರಿನ ಬಫರ್ ಎಂಬ ಸ್ಮೃತಿಕೋಶದಲ್ಲಿ ತುಂಬಿಕೊಂಡು, ಅಲ್ಲಿಂದ ಮುಂದೆ, ಅಂಕಿಗಳನ್ನು ನಾದದ ಸಂಕೇತವಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಸಾಧನದ ಸ್ಫಟಿಕ ಗಡಿಯಾರದ ಮಿಡಿತಕ್ಕೆ ಅನುಸಾರವಾಗಿ ಹೊರಬೀಳುತ್ತವೆ. ಕಾಲವು ಗಾನಕ್ಕೆ ಮರಳಿ ದೊರೆಯುವುದು ಆ ಗಡಿಯಾರದ ಬಳಿಯಲ್ಲಿ. ಸ್ವಿಚ್ಚಿನೊಳಗೆ ಎಷ್ಟು ಸೂಕ್ಷ್ಮವಾದ ಗಡಿಯಾರವನ್ನಿಟ್ಟರೂ ಅದರ ಸೂಕ್ಷ್ಮತೆ ಬಫರಿನ ಹೊಸ್ತಿಲಲ್ಲಿಯೇ ಮುಗಿದುಹೋಗುತ್ತದೆ.

ಅಂಕಿಗಳೇ ದಾರಿಯಲ್ಲಿ ಕೆಟ್ಟರೆ? ಪ್ರತಿ ಪ್ಯಾಕೆಟ್ಟಿನ ಕೊನೆಯಲ್ಲಿ 32 ಬಿಟ್‌ಗಳ ಒಂದು ತಾಳೆಸಂಖ್ಯೆ ಇರುತ್ತದೆ. ಒಳಗಿನ ಒಂದೇ ಒಂದು ಬಿಟ್ ಬದಲಾದರೂ ತಾಳೆ ತಪ್ಪಿ, ಪ್ಯಾಕೆಟ್ಟು ತಿರಸ್ಕೃತವಾಗುತ್ತದೆ. ಕಳುಹಿದ ಯಂತ್ರ ಅದನ್ನು ಮತ್ತೆ ಕಳುಹುತ್ತದೆ. ಮತ್ತೆ ಮತ್ತೆ ಕಳುಹಿಯೂ ಬಫರ್ ಬರಿದಾದರೆ ಸಂಗೀತ ಥಟ್ಟನೆ ನಿಲ್ಲುವುದು. ಜಾಲದ ದೋಷ ಪ್ರಕಟವಾಗುವ ಬಗೆ ಇದೇ: ನಿಲುಗಡೆ, ತುಂಡರಿಕೆ. ತಂಬೂರಿಯ ಶ್ರುತಿ ಮಸುಕಾಗುವುದು, ಮಂದ್ರಸ್ಥಾಯಿ ಸಡಿಲವಾಗುವುದು, ಗಾಯಕನ ಕಂಠ ಹಿಂದೆ ಸರಿದಂತೆ ತೋರುವುದು, ಇವು ಜಾಲದಲ್ಲಿ ಕೆಟ್ಟ ಅಂಕಿಗಳ ಲಕ್ಷಣಗಳಲ್ಲ.

ಹಾಗಾದರೆ ವಿವೇಕಿಗಳಾದ ಇಷ್ಟು ಜನಕ್ಕೆ ಈ ಸಂಶಯ ಎಲ್ಲಿಂದ ಬಂದಿತು? ಅದಕ್ಕೊಂದು ನ್ಯಾಯವಾದ ಪೂರ್ವಚರಿತ್ರೆಯುಂಟು. 1980ರ ದಶಕದಿಂದ ಸಿ.ಡಿ. ಯಂತ್ರವನ್ನು ಡ್ಯಾಕ್‌ಗೆ ಜೋಡಿಸುತ್ತಿದ್ದ ಎಸ್‌ಪಿಡಿಐಎಫ್ ಎಂಬ ಪದ್ಧತಿಯಲ್ಲಿ ಅಂಕಿಗಳ ಜೊತೆಯಲ್ಲಿ ಕಾಲವೂ ಅದೇ ತಂತಿಯಲ್ಲಿ ಸಾಗುತ್ತಿತ್ತು. ಡ್ಯಾಕ್ ತನ್ನ ಲಯವನ್ನು ಬರುವ ಸಂಕೇತದಿಂದಲೇ ಹೆಕ್ಕಿಕೊಳ್ಳಬೇಕಾಗಿತ್ತು. ಅಲ್ಲಿ ಕಾಲದ ಕಂಪನ, ಅಂದರೆ ಜಿಟರ್, ಧ್ವನಿಯನ್ನು ಸೇರುವ ದಾರಿ ನಿಜವಾಗಿಯೂ ತೆರೆದಿತ್ತು. ಆ ಕಾಲದ ಸತ್ಯವನ್ನು ಈಥರ್‌ನೆಟ್ಟಿಗೆ ಹಾಗೆಯೇ ಅನ್ವಯಿಸಿದುದೇ ಇಂದಿನ ಗೊಂದಲಕ್ಕೆ ಮೂಲವೆಂದು ನನಗೆ ತೋರುತ್ತದೆ. ಈಥರ್‌ನೆಟ್ಟಿನಲ್ಲಿಯೂ ಕಾಲವು ಸಾಗುವ ಸಂದರ್ಭವೊಂದುಂಟು: ಸಭಾಂಗಣ, ಧ್ವನಿಮುದ್ರಣಾಲಯಗಳಲ್ಲಿ ಹಲವು ಯಂತ್ರಗಳು ಏಕಕಾಲಕ್ಕೆ ನುಡಿಯಬೇಕಾದಾಗ ಜಾಲದ ಮೂಲಕವೇ ಅವುಗಳ ಗಡಿಯಾರಗಳನ್ನು ಹೊಂದಿಸುತ್ತಾರೆ. ಅಲ್ಲಿ ಸ್ವಿಚ್ಚಿನ ಆಯ್ಕೆ ಗುರುತರವಾದುದು. ಮನೆಯ ಸ್ಟ್ರೀಮಿಂಗ್‌ಗೆ ಆ ನಿರ್ಬಂಧವಿಲ್ಲ.

ಪ್ರತಿಪಕ್ಷದ ವಾದದಲ್ಲಿ ಮನ್ನಿಸತಕ್ಕ ಅಂಶವೊಂದು ಉಳಿಯಿತು. ಕೇಬಲ್ಲಿನಲ್ಲಿ ಅಂಕಿಗಳ ಜೊತೆಗೆ ವಿದ್ಯುತ್ತಿನ ಗದ್ದಲವೂ ಬರಬಹುದಷ್ಟೆ? ಬರಬಹುದು. ಆದರೆ ಈಥರ್‌ನೆಟ್ಟನ್ನು ರೂಪಿಸಿದವರು ಇದನ್ನು ಮೊದಲೇ ಊಹಿಸಿದ್ದರು: ಕೇಬಲ್ ಬಂದು ಸೇರುವೆಡೆಯಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು, 1500 ವೋಲ್ಟುಗಳ ಪರೀಕ್ಷೆಯನ್ನು ತಾಳಿಕೊಳ್ಳುವಂತೆ ಎರಡು ಯಂತ್ರಗಳನ್ನು ವಿದ್ಯುತ್ತಿನ ಮಟ್ಟಿಗೆ ಬೇರ್ಪಡಿಸುತ್ತವೆ. ಲೋಹದ ಹೊದಿಕೆಯುಳ್ಳ ದುಬಾರಿ ಕೇಬಲ್ ಬಳಸಿದಲ್ಲಿ ಆ ಹೊದಿಕೆಯೇ ಎರಡು ಯಂತ್ರಗಳ ಅರ್ಥಿಂಗನ್ನು ಕೂಡಿಸಿ, ಈ ಬೇರ್ಪಡೆಯನ್ನು ವ್ಯರ್ಥಗೊಳಿಸಿ, ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಗುಂಯ್ಗುಡುವಿಕೆಗೆ ಎಡೆಗೊಡಬಹುದು. ಇದಕ್ಕೆ ಮದ್ದು ಹೊದಿಕೆಯಿಲ್ಲದ ಸಾದಾ ಕೇಬಲ್ಲು. ಅದೂ ಸಾಲದೆಂದು ಅನ್ನಿಸಿದವರು ನಡುವೆ ಒಂದು ತುಂಡು ಆಪ್ಟಿಕಲ್ ಫೈಬರ್ ಹಾಕಿಸಬಹುದು. ಗಾಜಿನ ಎಳೆ ಬೆಳಕನ್ನು ಸಾಗಿಸೀತೇ ಹೊರತು ವಿದ್ಯುತ್ತನ್ನಲ್ಲ.

ಸ್ವಿಚ್ಚಿನಿಂದ ಮನೆಗೆ ಪ್ರಯೋಜನವೇ ಇಲ್ಲವೆಂದಲ್ಲ. ರೂಟರ್ ಒಂದು ಕೋಣೆಯಲ್ಲಿದ್ದು ಸಂಗೀತದ ಕೋಣೆಗೆ ವೈಫೈ ಕ್ಷೀಣವಾಗಿ ತಲಪುತ್ತಿದ್ದರೆ, ನೆರೆಹೊರೆಯ ಹತ್ತಾರು ವೈಫೈಗಳು ಒಂದರಮೇಲೊಂದು ಹಾಯುವ ಅಪಾರ್ಟ್‌ಮೆಂಟಿನಲ್ಲಿ ಹಾಡು ಪದೇಪದೇ ನಿಲ್ಲುತ್ತಿದ್ದರೆ, ಕೇಬಲ್ಲೆಳೆದು ಸಾಧಾರಣ ಸ್ವಿಚ್ಚೊಂದನ್ನಿಟ್ಟು ಸ್ಟ್ರೀಮರನ್ನೂ ಸಂಗ್ರಹಯಂತ್ರವನ್ನೂ ಅದಕ್ಕೆ ಜೋಡಿಸುವುದು ಉತ್ತಮವಾದ ಕ್ರಮ. ಆ ಕಾರ್ಯಕ್ಕೆ ಎರಡು ಸಾವಿರದ ಸ್ವಿಚ್ಚು ಪರಿಪೂರ್ಣವಾಗಿ ಸಮರ್ಥ. ಮಿಕ್ಕ ಹಣ ಸ್ಪೀಕರಿಗೋ, ಗೋಡೆಗಳ ಪ್ರತಿಧ್ವನಿಯನ್ನು ತಗ್ಗಿಸುವ ದಪ್ಪ ಪರದೆಗೋ ಸಂದರೆ ಕಿವಿ ಅದನ್ನು ಅಂದೇ ಗುರುತಿಸುವುದು.

ಇಷ್ಟಾಗಿಯೂ ವಿಶೇಷ ಸ್ವಿಚ್ಚಿನ ಕಡೆಗೆ ಮನಸ್ಸು ಎಳೆಯುತ್ತಿದ್ದರೆ, ಹಣ ತೆರುವ ಮುನ್ನ ಓದುಗರು ಒಂದು ಪರೀಕ್ಷೆಯನ್ನು ದಯವಿಟ್ಟು ಮಾಡಬೇಕು. ಆ ಸ್ವಿಚ್ಚನ್ನು ಕೆಲವು ದಿನಗಳ ಮಟ್ಟಿಗೆ ಎರವಲು ತನ್ನಿರಿ. ಮನೆಯವರೊಬ್ಬರು ನಾಣ್ಯ ಚಿಮ್ಮಿ ನಿಮಗೆ ಕಾಣದಂತೆ ಅದನ್ನೋ ಸಾಧಾರಣ ಸ್ವಿಚ್ಚನ್ನೋ ಜೋಡಿಸಲಿ. ನೀವು ಕೇಳಿ, ಯಾವುದೆಂದು ಬರೆದಿಡಿ. ಹೀಗೆ ಹದಿನಾರು ಸಲ ನಡೆಯಲಿ. ಬರಿಯ ಊಹೆಯಿಂದ ಹನ್ನೆರಡು ಅಥವಾ ಹೆಚ್ಚು ಸರಿಯುತ್ತರ ಬರುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅಷ್ಟು ಬಾರಿ ನೀವು ಸರಿಯಾಗಿ ಗುರುತಿಸಿದಿರಾದರೆ ಕೊಳ್ಳಿರಿ. ಇಲ್ಲವಾದರೆ ಅದನ್ನು ಹಿಂದಿರುಗಿಸಿ, ಆ ಹಣದಲ್ಲಿ ಕಛೇರಿಗಳಿಗೆ ಹೋಗಿಬನ್ನಿರಿ.