ಮಿದುಳಿನ ಪ್ರತಿರೂಪವೂ ನೂರು ಕೋಟಿ ಯುರೋಗಳೂ

2013ರ ಜನವರಿಯಲ್ಲಿ ಯುರೋಪಿಯನ್ ಆಯೋಗವು ‘ಹ್ಯೂಮನ್ ಬ್ರೇನ್ ಪ್ರಾಜೆಕ್ಟ್’ ಎಂಬ ಸಂಶೋಧನಾ ಯೋಜನೆಯನ್ನು ಆಯ್ದುಕೊಂಡಿತು. ಹತ್ತು ವರ್ಷಗಳಿಗೆ ಅಂದಾಜಿಸಿದ ವೆಚ್ಚ ಸುಮಾರು ನೂರು ಕೋಟಿ ಯುರೋಗಳು. ಇದರ ಪ್ರೇರಕರಾದ ಹೆನ್ರಿ ಮಾರ್ಕ್ರಮ್ ಅವರು 2005ರಿಂದ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ‘ಬ್ಲೂ ಬ್ರೇನ್’ ಯೋಜನೆಯನ್ನು ನಡೆಸುತ್ತಿದ್ದರು. ಮಾನವನ ಮಿದುಳನ್ನು ಹತ್ತು ವರ್ಷಗಳೊಳಗೆ ಗಣಕಯಂತ್ರದಲ್ಲಿ ಕಟ್ಟಬಹುದೆಂದು 2009ರಲ್ಲಿ ಆಕ್ಸ್‌ಫರ್ಡಿನ ಉಪನ್ಯಾಸವೊಂದರಲ್ಲಿ ಅವರು ಹೇಳಿದ್ದುಂಟು. ಇಂಥ ಸುದ್ದಿಯು ಸಭೆಯ ಜನರನ್ನು ಮುಟ್ಟುವಾಗ ಬೇರೊಂದು ಪ್ರಶ್ನೆಯಾಗಿ ಮಾರ್ಪಡುತ್ತದೆ: ಇನ್ನು ಆತ್ಮವನ್ನೂ ಯಂತ್ರದಲ್ಲಿ ಮಾಡುವರೋ? ಉತ್ತರಿಸುವ ಮೊದಲು, ಆ ಹಣದಿಂದ ಏನನ್ನು ಮಾಡಹೊರಟಿದ್ದರೆಂದು ನಾವು ತಿಳಿಯತಕ್ಕದ್ದು.

ನರಕೋಶದ ವಿದ್ಯುತ್ ಸಂಕೇತವನ್ನು ಗಣಿತದ ಸಮೀಕರಣಗಳಿಂದ ವರ್ಣಿಸಬಹುದೆಂದು 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್‌ಲಿ ತೋರಿಸಿದರು. ಅವರು ಪರೀಕ್ಷಿಸಿದ್ದು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವನ್ನು. ಇಂಥ ಸಮೀಕರಣಗಳನ್ನು ಕೋಶದ ಒಂದೊಂದು ತುಣುಕಿಗೂ ಅನ್ವಯಿಸಿ, ಮಿಲಿಸೆಕೆಂಡಿನ ಅಲ್ಪಾಂಶಕ್ಕೊಮ್ಮೆ ಲೆಕ್ಕ ಹಾಕುತ್ತ ಹೋಗುವುದೇ ಗಣಕ ಅನುಕರಣೆ. 2015ರಲ್ಲಿ ಬ್ಲೂ ಬ್ರೇನ್ ತಂಡವು ಎಳೆಯ ಇಲಿಯ ಮಿದುಳಿನ ಹೊರಪದರದ ಒಂದು ಚೂರನ್ನು ಹೀಗೆ ರಚಿಸಿ ಪ್ರಕಟಿಸಿತು. ಅದರ ಗಾತ್ರ ಒಂದು ಘನ ಮಿಲಿಮೀಟರಿನ ಮೂರರಲ್ಲೊಂದಕ್ಕೂ ಕಡಿಮೆ. ಅದರಲ್ಲಿದ್ದ ನರಕೋಶಗಳು ಸುಮಾರು 31,000. ಮಾನವನ ಮಿದುಳಿನಲ್ಲಿರುವವು ಸುಮಾರು 8,600 ಕೋಟಿ. ಅಂತರವು ಕೇವಲ ಸಂಖ್ಯೆಯದಲ್ಲ. ಇಲಿಯ ಆ ಚೂರಿನಲ್ಲಿಯೂ ಯಾವ ಕೋಶವು ಯಾವುದರೊಡನೆ ಕೂಡಿದೆಯೆಂಬುದನ್ನು ಬಹುಮಟ್ಟಿಗೆ ಅಳೆದು ತಿಳಿದದ್ದಲ್ಲ, ಕೆಲವು ಮಾದರಿಗಳ ಆಧಾರದಿಂದ ಅಂದಾಜಿಸಿ ತುಂಬಿದ್ದು. ಕೇವಲ 302 ನರಕೋಶಗಳುಳ್ಳ ಒಂದು ಸಣ್ಣ ಹುಳುವಿನ ನರಜೋಡಣೆಯ ನಕ್ಷೆ 1986ರಲ್ಲಿಯೇ ಪ್ರಕಟವಾಯಿತು. ಆದರೂ ನಕ್ಷೆಯೊಂದರಿಂದಲೇ ಆ ಹುಳುವಿನ ನಡವಳಿಕೆಯನ್ನೆಲ್ಲ ವಿವರಿಸಲಾಗಿಲ್ಲ.

2014ರ ಜುಲೈನಲ್ಲಿ ನರವಿಜ್ಞಾನಿಗಳೇ ಆಯೋಗಕ್ಕೆ ಬಹಿರಂಗ ಪತ್ರ ಬರೆದರು. ಸಹಿ ಹಾಕಿದವರು ಕ್ರಮೇಣ ಏಳುನೂರನ್ನು ಮೀರಿದರು. ಅರಿವಿನ ಅಧ್ಯಯನವನ್ನು ಯೋಜನೆಯ ಕೇಂದ್ರಭಾಗದಿಂದ ಕೈಬಿಟ್ಟದ್ದು ಈ ಪ್ರತಿಭಟನೆಯ ತಕ್ಷಣದ ಕಾರಣ. ಉದ್ದೇಶದ ಸಂಕುಚಿತತೆಯೂ ಆಡಳಿತದ ರೀತಿಯೂ ಅದರ ಹಿಂದಿದ್ದ ದೂರುಗಳು. ಮರುವರ್ಷದ ಮಧ್ಯಸ್ಥಿಕೆಯ ವರದಿ ಬಹುಮಟ್ಟಿಗೆ ಅವರ ಪರವಾಗಿಯೇ ಬಂದಿತು. ಆಡಳಿತ ಬದಲಾಯಿತು. ಗುರಿಯೂ ಮಿದುಳಿನ ನಕ್ಷೆಗಳು, ಸಂಶೋಧಕರಿಗೆ ಬೇಕಾದ ಗಣಕ ಸೌಕರ್ಯಗಳು ಮುಂತಾದವುಗಳ ಕಡೆಗೆ ತಿರುಗಿತು. 2023ರ ಸೆಪ್ಟೆಂಬರಿನಲ್ಲಿ ಯೋಜನೆ ಮುಗಿಯುವಾಗ ಒಟ್ಟು ವೆಚ್ಚ ಸುಮಾರು 60 ಕೋಟಿ 70 ಲಕ್ಷ ಯುರೋಗಳಾಗಿತ್ತು.

ಇದನ್ನು ಆತ್ಮದ ಪಕ್ಷಕ್ಕೆ ದೊರೆತ ಜಯವೆಂದು ಪ್ರಸಂಗಪೀಠದಿಂದ ಸಾರುವ ಶೋಧನೆ ನಮಗುಂಟು. ಅದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ. ಆ ಪತ್ರ ಬರೆದವರು ಆತ್ಮಕ್ಕಾಗಿ ವಾದಿಸಿದವರಲ್ಲ. ಆದಿಕಾಂಡದ ಎರಡನೆಯ ಅಧ್ಯಾಯವೂ ಯಂತ್ರಕ್ಕೆ ಸಿಕ್ಕದ ಗುಪ್ತ ಭಾಗವೊಂದನ್ನು ಮನುಷ್ಯನಿಗೆ ಅಂಟಿಸುವುದಿಲ್ಲ. ಮಣ್ಣೂ ಉಸಿರೂ ಕೂಡಿದ ಇಡೀ ಮನುಷ್ಯನನ್ನೇ ಅದು ‘ನೆಫೆಷ್’ ಎನ್ನುತ್ತದೆ. ನಮ್ಮ ಅರಿಕೆಯನ್ನು ಗಣಕದ ಅಶಕ್ತಿಯ ಮೇಲೆ ನಿಲ್ಲಿಸಿದರೆ, ಮುಂದಿನ ಗಣಕವು ಅದನ್ನು ಅಲುಗಾಡಿಸೀತು. ಗೋಪುರ ಕಟ್ಟುವವನು ಮೊದಲು ಖರ್ಚಿನ ಲೆಕ್ಕ ನೋಡಬೇಕೆಂಬ ಲೂಕನ ಸಾಮ್ಯವೂ ಇಲ್ಲಿ ಸರಿಯಾಗಿ ಹೊಂದುವುದಿಲ್ಲ: ಅಲ್ಲಿ ಹಣ ಸಾಲಲಿಲ್ಲ, ಇಲ್ಲಿ ಹಣವಿತ್ತು, ನೆಲದ ಅಳತೆಯಿರಲಿಲ್ಲ.

ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಅನುದಾನ ಕೇಳುವಾಗ ಮುಂದಿಟ್ಟ ಕಾರಣಗಳಲ್ಲಿ ಮಿದುಳಿನ ರೋಗಗಳ ಚಿಕಿತ್ಸೆಯೂ ಒಂದು. ಮರೆವಿನ ರೋಗಕ್ಕೆ ತುತ್ತಾದ ತಾಯಿಯನ್ನು ನೋಡಿಕೊಳ್ಳುವ ಮಗಳಿಗೆ ಅದು ಅಮೂರ್ತ ಭರವಸೆಯಲ್ಲ. ಆಕೆಯ ಮನೆಗೆ ಭೇಟಿಗಾಗಿ ಹೋಗುವವರು ನಾವು. ‘ವಿಜ್ಞಾನ ಕೈಬಿಟ್ಟಿತು’ ಎನ್ನುವುದೂ ಅಲ್ಲಿ ಸುಳ್ಳೇ. ಯೋಜನೆಯ ಸಹಭಾಗಿಯಾಗಿದ್ದ ಫ್ರಾನ್ಸಿನ ಮಾರ್ಸೇಯಿನಲ್ಲಿ ವಿಕ್ಟರ್ ಯಿರ್ಸಾ ಅವರ ತಂಡವು ಒಬ್ಬೊಬ್ಬ ಅಪಸ್ಮಾರ ರೋಗಿಯ ಎಂಆರ್‌ಐ ಚಿತ್ರಗಳಿಂದ ಅವರವರ ಮಿದುಳಿನ ಜಾಲದ ಮಾದರಿಯನ್ನು ರಚಿಸಿತು. ಇದು ಪ್ರತಿಯೊಂದು ಕೋಶವನ್ನೂ ಅನುಕರಿಸುವುದಿಲ್ಲ. ಸೆಳವು ಯಾವ ಭಾಗದಲ್ಲಿ ಹುಟ್ಟಿ ಎಲ್ಲಿಗೆ ಹರಡುತ್ತದೆಂಬುದನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಅಂದಾಜಿಸಲು ಇದು ನೆರವಾದೀತೋ ಎಂಬುದನ್ನು ಫ್ರಾನ್ಸಿನ ಹಲವು ಆಸ್ಪತ್ರೆಗಳಲ್ಲಿ ಪರೀಕ್ಷೆಗೆ ಒಡ್ಡಲಾಯಿತು.